ಮೂರನೆಯ ಕಟ್ಟು ಕೊತ್ತಂಬರಿ

ಹೋದ ವರ್ಷ ಕೊಟ್ಟೂರಿಗೆ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು, ಸುಮ್ಮನೆ ತರಕಾರಿ ಪೇಟೆಯ ಕಡೆ ನಡೆದೆ. ಒಬ್ಬ ಹೆಂಗಸು ಗೋಣಿತಾಟಿನ ಮೇಲೆ ಕೂತು ಕೊತ್ತಂಬರಿ ಕಟ್ಟುಗಳ ಬೇರು ಕತ್ತರಿಸುತ್ತಿದ್ದಳು. ಬೇರಿನ ಹಸಿ ಮಣ್ಣು, ಜಜ್ಜಿದ ದಂಟು, ಮೇಲೆ ಚಿಮುಕಿಸಿದ ನೀರು, ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ಅಲ್ಲೇ ನಿಂತವು. ಬೇರೆಯವರಿಗೆ ಆ ವಾಸನೆಯಿಂದ ಹಸಿವಾಗುತ್ತದೇನೋ. ನನಗೆ ಒಂದು ಮಳೆಗಾಲ ಎದ್ದು ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಹಡಗಲಿಯವಳು. ಪ್ರಯೋಗಾಲಯದ ತರಬೇತಿ ಮುಗಿಸಿ ಬಂದ ಮೊದಲ ಪೋಸ್ಟಿಂಗು ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ನಡುವಿನ ಒಂದು ಊರಿನ ಸಣ್ಣ ಆಸ್ಪತ್ರೆಗೆ. ಊರಿನ ಹೆಸರು ಬೇಡ. ಆಗಿನ ಸಂಗತಿಯನ್ನು ಈಗಿನವರ ತಲೆಗೆ ಕಟ್ಟುವುದು ಸರಿಯಲ್ಲ. ನನ್ನ ಪ್ರಯೋಗಾಲಯ ಎಂದರೆ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಸ್ಪಿರಿಟ್ ದೀಪ, ಕಿಟಕಿಯಲ್ಲಿ ಗುಬ್ಬಿಗೂಡು. ಮಲೇರಿಯಾ ನೋಡುವುದು, ಕಫ ನೋಡುವುದು, ಅಷ್ಟೇ ಕೆಲಸ.

ಹಿಂದಿನ ಕ್ವಾರ್ಟರ್ಸಿನಲ್ಲಿ ನನ್ನ ಜೊತೆ ಇದ್ದವಳು ನರ್ಸ್ ಶಾಂತಾ, ಹರಪನಹಳ್ಳಿಯವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಸುತ್ತಲ ಹಳ್ಳಿಗಳ ಹೆರಿಗೆಯೆಲ್ಲ ಅವಳದೇ. ಸೈಕಲ್ ಮೇಲೆ ಹೋಗಿ ಹೆರಿಗೆ ಮಾಡಿಸಿ ಬಂದು, ಕೈ ತೊಳೆದು, ಎರಡು ರೊಟ್ಟಿ ತಿಂದು ಮತ್ತೆ ಹೊರಡುವವಳು. ನಮ್ಮ ಕಡೆ ರೊಟ್ಟಿ ಊಟಕ್ಕೆ ಹಸಿ ಸೊಪ್ಪಿಲ್ಲದಿದ್ದರೆ ಅದು ಊಟವೇ ಅಲ್ಲ. ಹಕ್ಕರಿಕೆ, ಮೆಂತ್ಯ, ಎಳೆ ಮೂಲಂಗಿ, ಈರುಳ್ಳಿ ತಪ್ಪಲು, ಮಂಡಕ್ಕಿ ಒಗ್ಗರಣೆಯ ಮೇಲೆ ಮುಷ್ಟಿ ಕೊತ್ತಂಬರಿ. ಶಾಂತಾ ಕೊತ್ತಂಬರಿಯನ್ನು ದಂಟು ಸಮೇತ ಕಚ್ಚಿ ತಿನ್ನುವಳು. "ಮೇಕೆ ಹಂಗೆ ತಿಂತೀಯಲ್ಲೇ" ಎಂದರೆ, "ಮೇಕೆಗೆ ಯಾವತ್ತಾದ್ರೂ ಕಾಯಿಲೆ ಬಂದದ್ದು ನೋಡಿದೀಯಾ?" ಅನ್ನುವಳು.

ಸೊಪ್ಪು ಕೊಡುತ್ತಿದ್ದವಳು ದ್ಯಾಮವ್ವ. ಐವತ್ತರ ಹತ್ತಿರದ ಹೆಂಗಸು. ಗಂಡ ಕುರಿ ಮಂದೆಯ ಹಿಂದೆ ಹೊರಟರೆ ತಿಂಗಳುಗಟ್ಟಲೆ ಊರಿಗಿಲ್ಲ. ಹಳ್ಳದಾಚೆ ಒಂದು ಬಾವಿ, ಬಾವಿಯ ಬುಡದಲ್ಲಿ ಅರ್ಧ ಎಕರೆ ತೋಟ, ಅದನ್ನು ಇವಳೊಬ್ಬಳೇ ನೋಡಿಕೊಳ್ಳುವಳು. ದಿನಾ ಬೆಳಿಗ್ಗೆ ಪುಟ್ಟಿ ಹೊತ್ತು ಬಂದು, "ಅವ್ವಾ, ಬರ್ರಿ, ನಿಮ್ಮ ಮೇವು ತಂದೀನಿ" ಎಂದು ಕೂಗಿ, ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹಾಕಿ ಹೋಗುವಳು.

ಆ ವರ್ಷ ಆಷಾಢದ ಗಾಳಿ ಬಿಡದೆ ಬೀಸಿತು. ಮೋಡ ಬರುವುದು, ನಾಲ್ಕು ಹನಿ ಚೆಲ್ಲಿ ಉಜ್ಜಿನಿಯ ಕಡೆ ಓಡುವುದು. ಹಳ್ಳ ತುಂಬಿ ಹರಿಯಲಿಲ್ಲ, ಮಡುಗಳಲ್ಲಿ ಮಾತ್ರ ನೀರು ನಿಂತಿತು. ಶ್ರಾವಣ ಹುಟ್ಟುವ ಹೊತ್ತಿಗೆ ಊರಿನಲ್ಲಿ ಜ್ವರ ಶುರುವಾಯಿತು. ದಿನ ದಿನ ಮೆಟ್ಟಿಲು ಹತ್ತಿದ ಹಾಗೆ ಏರುವ ಜ್ವರ, ಬಿಳಿ ನಾಲಗೆ, ಹೊಟ್ಟೆ ಉಬ್ಬರ. ನಮ್ಮ ಡಾಕ್ಟರು ಬಸಯ್ಯನವರು ನಿವೃತ್ತಿಯ ಅಂಚಿನಲ್ಲಿದ್ದ ಅನುಭವಸ್ಥರು. ನೋಡಿದ ಕೂಡಲೇ ಹೇಳಿದರು: "ಟೈಫಾಯ್ಡ್. ಹೆದರೋದು ಬ್ಯಾಡ. ಕ್ಲೋರಾಂಫೆನಿಕಾಲ್ ಐತಿ, ನಾಲ್ಕೈದು ದಿನಕ್ಕ ಜ್ವರ ಇಳೀತೈತಿ."

ಆ ವರ್ಷ ಇಳಿಯಲಿಲ್ಲ. ಐದು ದಿನವಾಯಿತು, ಎಂಟು ದಿನವಾಯಿತು. ಜನ ಗುಳಿಗೆ ನುಂಗುತ್ತಲೇ ಸೊರಗುತ್ತಿದ್ದರು. ಡಾಕ್ಟರು ಔಷಧಿ ಸರಿಯಾಗಿ ತಗೊಳ್ಳುತ್ತಿಲ್ಲವೆಂದು ರೋಗಿಗಳನ್ನು ಬೈದರು. ಗುಳಿಗೆ ಹಳೆಯದಿರಬೇಕೆಂದು ಹೊಸ ಡಬ್ಬಿ ತರಿಸಿದರು. ಆಗಲೇ ಒಂದು ಬೆಳಿಗ್ಗೆ ಶಾಂತಾ ಸೈಕಲ್ ಹತ್ತಲು ಹೋಗಿ ಅದರ ಸಮೇತ ಬಿದ್ದಳು. ಎತ್ತಲು ಮುಟ್ಟಿದರೆ ಮೈ ಕಾದ ಹಂಚು.

ಅವಳಿಗೆ ಗುಳಿಗೆ ಕೊಟ್ಟವಳು ನಾನೇ, ಗಡಿಯಾರ ನೋಡಿಕೊಂಡು, ಒಂದು ಹೊತ್ತೂ ತಪ್ಪಿಸದೆ. ಹಾಗಾಗಿ ಒಂಬತ್ತನೇ ದಿನವೂ ಜ್ವರ ಇಳಿಯದಿದ್ದಾಗ ಡಾಕ್ಟರಿಗೆ ರೋಗಿಯನ್ನು ಬೈಯಲು ಆಗಲಿಲ್ಲ. ಅವರು ಶಾಂತಾಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಅವಳ ನಾಡಿ ಹಿಡಿದುಕೊಂಡೇ ಇದ್ದರು. ಹೊರಗೆ ಬಂದು ನನಗೆ ಹೇಳಿದರು:

"ಸರೋಜಾ, ಔಷಧಿ ಸೋಲಾಕತ್ತೈತಿ. ನನ್ನ ಸರ್ವೀಸಿನಾಗ ಇದನ್ನ ನೋಡಿಲ್ಲ. ಬಳ್ಳಾರಿಗೆ ರಕ್ತ ಒಯ್ಯಬೇಕು. ರಕ್ತದಾಗಿನ ರೋಗಾಣು ಬೆಳಸಿ, ಯಾವ ಔಷಧಿಗೆ ಸಾಯ್ತದ ನೋಡಬೇಕು. ಹೋಗ್ತೀಯೇನು?"

ರೋಗಾಣು ಬೆಳೆಸುವ ಪಿತ್ತದ ದ್ರಾವಣವಿದ್ದ ಸೀಸೆಗೆ ಶಾಂತಾಳ ರಕ್ತ ತೆಗೆದೆ. ಅವಳು ಕಣ್ಣು ತೆರೆದು, "ನನ್ನ ಹೆಸರು ಸರಿಯಾಗಿ ಬರಿಯೇ, ಬೇರೆಯವರದ್ದು ಅಂದ್ಕಂಡಾರು" ಎಂದಳು. ನಗಿಸಲು ಹೇಳಿದಳು, ನನಗೆ ಅಳು ಬಂತು. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೊಟ್ಟೂರಿನಿಂದ ಬರುವ ಸಣ್ಣ ರೈಲು ಹತ್ತಿದೆ. ಹೊಸಪೇಟೆಯಲ್ಲಿ ಇಳಿದು ಬಳ್ಳಾರಿಗೆ ಇನ್ನೊಂದು ಗಾಡಿ. ದಾರಿಯುದ್ದಕ್ಕೂ ಜೋಳದ ಹೊಲ, ಸೇಂಗಾ ಹೊಲ. ಒಂದನ್ನೂ ನಾನು ನೋಡಲಿಲ್ಲ.

ಬಳ್ಳಾರಿಯ ಪ್ರಯೋಗಾಲಯದ ಮುಖ್ಯಸ್ಥೆ ಬಿಳಿಗೂದಲಿನ ಒಬ್ಬ ಡಾಕ್ಟರಮ್ಮ. ಮಾತು ಕಡಿಮೆ. ನಾಲ್ಕು ದಿನ ಬಿಟ್ಟು ಹೋದಾಗ ಒಂದು ಗಾಜಿನ ತಟ್ಟೆ ಬೆಳಕಿಗೆ ಹಿಡಿದು ತೋರಿಸಿದರು. ತಟ್ಟೆಯಲ್ಲಿ ಗಂಜಿಯ ಹಾಗೆ ಹೆಪ್ಪುಗಟ್ಟಿದ ಆಹಾರ, ಅದರ ತುಂಬ ರೋಗಾಣುಗಳ ಮಸುಕು ಪದರ, ಮೇಲೆ ಅಲ್ಲಲ್ಲಿ ಔಷಧಿ ನೆನೆಸಿದ ಕಾಗದದ ಸಣ್ಣ ಬಿಲ್ಲೆಗಳು. ಔಷಧಿ ಕೊಲ್ಲುವುದಾದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಬೀಳಬೇಕು. ಕ್ಲೋರಾಂಫೆನಿಕಾಲ್ ಬಿಲ್ಲೆಯ ಸುತ್ತ ಏನೂ ಇಲ್ಲ, ರೋಗಾಣು ಬಿಲ್ಲೆಯ ಅಂಚಿನವರೆಗೆ ಬೆಳೆದು ನಿಂತಿದೆ. ಇನ್ನೊಂದರ ಸುತ್ತ ಮಾತ್ರ ಅಗಲವಾದ ಖಾಲಿ ವೃತ್ತ.

"ಆಂಪಿಸಿಲಿನ್. ಇವತ್ತೇ ತಗೊಂಡು ಹೋಗು" ಎಂದರು ಡಾಕ್ಟರಮ್ಮ. ಚೀಟಿ ಬರೆಯುತ್ತಲೇ ಕೇಳಿದರು: "ಔಷಧಿ ಸಿಕ್ಕಿತು. ರೋಗ ಎಲ್ಲಿಂದ ಬರ್ತಿದೆ, ಅದನ್ನ ಹುಡುಕಿದಿರಾ?"

ಇಂಜೆಕ್ಷನ್ ಶುರುವಾದ ಮೇಲೆ ಶಾಂತಾಳ ಜ್ವರ ಎರಡು ದಿನ ಅಲುಗಾಡಲಿಲ್ಲ. ಮೂರನೆಯ ದಿನ ಹಣೆಯಲ್ಲಿ ಬೆವರು ಕಂಡಿತು. ಡಾಕ್ಟರು ಉಳಿದ ರೋಗಿಗಳಿಗೂ ಅದನ್ನೇ ಕೊಡತೊಡಗಿದರು. ನಾನು ಒಂದು ನೋಟ್‌ಬುಕ್ ಹಿಡಿದು ಜ್ವರ ಬಂದವರ ಮನೆಮನೆಗೆ ಹೋದೆ. ನೀರು ಎಲ್ಲಿಂದ ತರುತ್ತೀರಿ ಎಂದರೆ ಒಬ್ಬರು ಊರ ಬಾವಿ, ಇನ್ನೊಬ್ಬರು ಹೊಲದ ಬಾವಿ, ಮತ್ತೊಬ್ಬರು ಕೈಪಂಪು ಅನ್ನುವರು. ಹಾಲು ಬೇರೆ ಬೇರೆ, ಹೋಟೆಲಿಗೆ ಹೋಗದವರೂ ಇದ್ದರು. ಕೊನೆಗೆ, ಊಟದ ಜೊತೆ ಹಸಿಯಾಗಿ ಏನು ತಿನ್ನುತ್ತೀರಿ ಎಂದು ಕೇಳಿದೆ. ಎಲ್ಲರೂ ಅದೇನು ಪ್ರಶ್ನೆ ಎನ್ನುವ ಹಾಗೆ ನೋಡಿ ಒಂದೇ ಹೆಸರು ಹೇಳಿದರು: ದ್ಯಾಮವ್ವನ ಸೊಪ್ಪು.

ಮರುದಿನ ಸಂತೆ. ಸೂರ್ಯ ಹುಟ್ಟುವ ಹೊತ್ತಿಗೆ ಹಳ್ಳದ ದಂಡೆಗೆ ಹೋದೆ. ದ್ಯಾಮವ್ವ ತೋಟದಿಂದ ಪುಟ್ಟಿ ಹೊತ್ತು ಬಂದು, ದಾರಿಯಲ್ಲೇ ಇರುವ ಮಡುವಿಗೆ ಇಳಿದು, ಸೀರೆ ಎತ್ತಿಕಟ್ಟಿ, ಒಂದೊಂದೇ ಕಟ್ಟನ್ನು ನೀರಿಗದ್ದಿ ಜಾಡಿಸುತ್ತಿದ್ದಳು. ಅದೆಂಥ ಪ್ರೀತಿಯಿಂದ! ಮಗುವಿನ ತಲೆ ತೊಳೆದ ಹಾಗೆ. ಅವಳಿಂದ ಇಪ್ಪತ್ತು ಹೆಜ್ಜೆ ಮೇಲೆ ಊರಿನ ಮೋರಿ ಆ ಮಡುವಿಗೇ ಬಂದು ಬೀಳುತ್ತಿತ್ತು. ಅದರಾಚೆಯ ಬಯಲು ಊರಿನವರೆಲ್ಲ ಚೊಂಬು ಹಿಡಿದು ಹೋಗುವ ಜಾಗ. ನಾಲ್ಕು ಹನಿ ಬಿದ್ದರೆ ಅಲ್ಲಿನದೆಲ್ಲ ಕೊಚ್ಚಿ ಕೆಳಗೆ.

ನಾನು ಆಗ ಮಾಡಿದ ಕೆಲಸ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವಳ ಹತ್ತಿರ ಹೋಗಿ ಮಾತಾಡಬೇಕಿತ್ತು. ಮಾತಾಡದೆ ಬಿರಬಿರನೆ ಆಸ್ಪತ್ರೆಗೆ ಬಂದವಳು, ಔಷಧಿ ಕಿಟಕಿಯ ಮುಂದೆ ನಿಂತ ಜನರಿಗೆ ಕೇಳುವ ಹಾಗೆ, "ದ್ಯಾಮವ್ವನ ಸೊಪ್ಪು ಯಾರೂ ತಿನ್ನಬ್ಯಾಡ್ರಿ, ಜ್ವರ ಅದರಾಗೇ ಐತಿ" ಎಂದುಬಿಟ್ಟೆ. ಶಾಂತಾ ಬಿದ್ದ ಸಿಟ್ಟು ನನ್ನಲ್ಲಿತ್ತು, ಅದಕ್ಕೆ ಒಂದು ಮುಖ ಬೇಕಿತ್ತು. ಮಾತು ನನಗಿಂತ ಮುಂಚೆ ಸಂತೆ ಮುಟ್ಟಿತು.

ಮಧ್ಯಾಹ್ನ ದ್ಯಾಮವ್ವ ತುಂಬಿದ ಪುಟ್ಟಿಯ ಸಮೇತ ಆಸ್ಪತ್ರೆಗೆ ಬಂದಳು. ಒಂದು ಕಟ್ಟೂ ಹೋಗಿರಲಿಲ್ಲ. ಯಾರೋ ಅವಳ ಕಣ್ಣೆದುರಿಗೇ ಕೊಂಡ ಸೊಪ್ಪನ್ನು ದನದ ಮುಂದೆ ಎಸೆದಿದ್ದರಂತೆ. ಪುಟ್ಟಿಯನ್ನು ನನ್ನ ಕೋಣೆಯ ಬಾಗಿಲಲ್ಲಿ ಇಳಿಸಿದಳು.

"ಏನವ್ವ ಸರೋಜಮ್ಮ, ನಾ ವಿಷ ಮಾರ್ತೀನಂತ?"

"ವಿಷ ಅಂದಿಲ್ಲ ದ್ಯಾಮವ್ವ. ನಿನ್ನ ಸೊಪ್ಪಿನಾಗ ರೋಗಾಣು ಅದಾವು. ಕಣ್ಣಿಗೆ ಕಾಣಂಗಿಲ್ಲ."

"ಕಣ್ಣಿಗೆ ಕಾಣದ್ದು ನಿನಗ ಹೆಂಗ ಕಂಡ್ತು?"

ನಾನು ಇನ್ನೂ ಪರೀಕ್ಷೆಯನ್ನೇ ಮಾಡಿರಲಿಲ್ಲ. ಮಡುವಿನ ವಿಷಯ ಹೇಳಿದೆ, ಮೋರಿಯ ವಿಷಯ ಹೇಳಿದೆ. ಅವಳ ಮುಖ ಬಣ್ಣಗೆಟ್ಟಿತು.

"ಮಣ್ಣು ಹೋಗ್ಲಿ, ನಿಮ್ಮ ಹಲ್ಲಿಗೆ ಹಳ್ಳು ಸಿಗಬಾರ್ದು ಅಂತ ತೊಳದೆ. ತೊಳದಿದ್ದಕ್ಕ ಹೊಲಸಾತಾ?"

ಒಳಗಿನಿಂದ ಡಾಕ್ಟರು ಎದ್ದು ಬಂದರು. ನಡೆದದ್ದನ್ನು ಕೇಳಿ ನನ್ನನ್ನು ಒಮ್ಮೆ ನೋಡಿದರು, ಬೈಯಲಿಲ್ಲ. "ಪರೀಕ್ಷಾ ಮಾಡಸೂಣು. ಬಳ್ಳಾರಿಗೆ ಸೊಪ್ಪು ಒಯ್ಯಿ" ಎಂದರು.

"ನಾನೂ ಬರ್ತೀನಿ" ಎಂದಳು ದ್ಯಾಮವ್ವ. "ನನ್ನ ಸೊಪ್ಪಿನ ಮ್ಯಾಲೆ ತಪ್ಪು ಹೊರಸೋದಾದ್ರ ನನ್ನ ಕಣ್ಣಿಗೆ ತೋರ್ಸಿ ಹೊರಸ್ರಿ."

ಎರಡು ದಿನ ಬಿಟ್ಟು ಹೊರಟೆವು. ಕುದಿಸಿ ಒಣಗಿಸಿದ ಬಟ್ಟೆ, ಗಾಜಿನ ಭರಣಿ ಸಿದ್ಧಮಾಡಿಕೊಂಡು ನಾನು ತೋಟಕ್ಕೆ ಹೋದೆ. ಪಾತಿಯಲ್ಲಿ ನಿಂತ ಕೊತ್ತಂಬರಿಯನ್ನು ಹಾಗೆಯೇ ಕಿತ್ತು ಒಂದು ಭರಣಿಗೆ ಹಾಕಿದೆ. ಮಡುವಿನಲ್ಲಿ ತೊಳೆದದ್ದು ಇನ್ನೊಂದಕ್ಕೆ. ಸಾಕು ಎಂದು ಗಂಟು ಕಟ್ಟುತ್ತಿದ್ದಾಗ ದ್ಯಾಮವ್ವ ತಡೆದಳು.

"ತಡಿಯವ್ವ. ಇನ್ನೊಂದು ಕಟ್ಟು ಐತಿ. ನಿಮ್ಮ ಆಸ್ಪತ್ರಿ ಬೋರಿನ ನೀರಾಗ ತೊಳದು ಅದನ್ನೂ ಒಯ್ಯೂಣು. ಸೊಪ್ಪಿಂದೋ ನೀರಿಂದೋ ಗೊತ್ತಾಗ್ಲಿ."

ರೈಲು ಅವಳಿಗೆ ಮೊದಲ ಸಲ. ಕಿಟಕಿಯ ಸರಳು ಹಿಡಿದು ಕೂತು, ಹೊಲ ಓಡುವುದನ್ನು ನೋಡುತ್ತ ನೋಡುತ್ತ ಸಿಟ್ಟು ಮರೆತಳು. ಕ್ಷಮಿಸು ಅನ್ನಲು ನಾನು ಮೂರು ಸ್ಟೇಷನ್ ದಾಟುವವರೆಗೆ ಧೈರ್ಯ ಕೂಡಿಸುತ್ತಿದ್ದೆ. ಹೇಳಿದಾಗ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮೊದ್ಲು ನೋಡೂಣು" ಎಂದಳು. ಆಮೇಲೆ ತಾನಾಗಿ ಕೇಳಿದಳು: "ಆ ಗುಳಿಗಿ ಯಾಕ ಸೋತ್ವು?"

"ಜನ ಜ್ವರ ಬಂದ್ರ ಅಂಗಡ್ಯಾಗ ಎರಡೇ ಗುಳಿಗಿ ತಗೊಂಡು ನುಂಗಿ ಬಿಡ್ತಾರಲ್ಲ. ಅರ್ಧ ಸತ್ತ ರೋಗಾಣು ಅದರ ಪಟ್ಟು ಕಲಿತಾವು."

"ಹೌದಾ? ಹೋದ ವರ್ಷ ನಾ ಅರ್ಧ ಗುಳಿಗಿ ನುಂಗಿ, ಉಳಿದರ್ಧ ಕುಂಟೋ ಕುರಿಗೆ ಹಾಕಿದ್ದೆ. ಇಬ್ರೂ ಆರಾಮಾದ್ವಿ!" ಎಂದು ನಕ್ಕಳು. ನಾನೂ ನಕ್ಕೆ. ಆ ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಫಲಿತಾಂಶಕ್ಕೂ ಅವಳು ನನ್ನ ಜೊತೆ ಬಂದಳು. ಬಿಳಿಗೂದಲಿನ ಡಾಕ್ಟರಮ್ಮ ಮೂರು ತಟ್ಟೆಗಳನ್ನು ಕಿಟಕಿಯ ಬೆಳಕಿನಲ್ಲಿ ಸಾಲಾಗಿಟ್ಟರು. ದ್ಯಾಮವ್ವ ಸೆರಗು ಹೊದ್ದುಕೊಂಡು ಬಾಗಿದಳು. ಒಂದು ತಟ್ಟೆಯ ಬಿಲ್ಲೆಗಳ ಸುತ್ತ ಖಾಲಿ ವೃತ್ತಗಳಿದ್ದವು. ಅವಳು ನೋಡಿ, "ನಡುವ ಮೇಟಿ ಕಂಬ ಹುಗದು ಸುತ್ತ ಕಣ ಸಾರಿಸಿದಂಗೈತಿ" ಎಂದಳು. ಮುಂದಿನದಕ್ಕೆ ಕಣ್ಣು ಹೊರಳಿಸಿದಳು. "ಇಲ್ಲಿ ಕಣ ಇಲ್ಲ. ಮೇಟಿ ಬುಡದ ತನಾ ಕಸ ಬೆಳದೈತಿ."

"ಅದು ಮಡುವಿನಲ್ಲಿ ತೊಳೆದದ್ದು" ಎಂದರು ಡಾಕ್ಟರಮ್ಮ. "ಮೊದಲನೆಯದು ತೋಟದ್ದು, ತೊಳೆಯದೆ ತಂದದ್ದು. ಅದರಲ್ಲಿರೋದು ಮಣ್ಣಿನ ಜೀವಿಗಳು, ಔಷಧಿಗೆ ಸಾಯ್ತವೆ. ಎರಡನೆಯದರಲ್ಲಿರೋದು ಮನುಷ್ಯರ ಹೊಟ್ಟೆಯಿಂದ ಬಂದವು, ಕ್ಲೋರಾಂಫೆನಿಕಾಲ್‌ಗೆ ಸಾಯೋದಿಲ್ಲ. ಟೈಫಾಯ್ಡ್ ರೋಗಾಣು ಸಿಕ್ಕಿಲ್ಲ, ಎಲೆಯ ಮೇಲೆ ಅದು ಸಿಗೋದು ಕಷ್ಟ. ಆದರೆ ಇವು ಬಂದ ದಾರಿಯಲ್ಲೇ ಅದೂ ಬರುತ್ತೆ. ಔಷಧಿ ತಡೆಯೋ ಉಪಾಯವನ್ನ ಇವು ಒಂದಕ್ಕೊಂದು ದಾಟಿಸ್ತವೆ ಬೇರೆ."

"ಹುಳಕ್ಕೂ ಪಾಠ ಹೇಳೋ ಸಾಲಿ ಐತೇನ್ರಿ?" ಎಂದಳು ದ್ಯಾಮವ್ವ ಬೆರಗಾಗಿ.

ಡಾಕ್ಟರಮ್ಮ ಮೊದಲ ಸಲ ನಕ್ಕರು. ಮೂರನೆಯ ತಟ್ಟೆ ಮುಂದೆ ತಳ್ಳಿದರು. ಅದು ಹೆಚ್ಚುಕಡಿಮೆ ಮೊದಲನೆಯದರ ಹಾಗೆಯೇ ಇತ್ತು, ಅಲ್ಲೊಂದು ಇಲ್ಲೊಂದು ಚುಕ್ಕೆ. "ಬೋರಿನ ನೀರಿನದು ಇದು. ಈ ಮೂರನೆಯದನ್ನ ತರಬೇಕು ಅಂತ ಯಾರಿಗೆ ಹೊಳೀತು?"

ನಾನು ದ್ಯಾಮವ್ವನ ಕಡೆ ಕೈ ತೋರಿಸಿದೆ. "ಇವರಿಗೇ ಕೋಟು ಹಾಕಿ ಕೂರಿಸಬೇಕು ನನ್ನ ಲ್ಯಾಬಿನಲ್ಲಿ" ಎಂದರು ಅವರು. ದ್ಯಾಮವ್ವನಿಗೆ ಆ ಮಾತು ಕೇಳಿಸಲೇ ಇಲ್ಲ. ಅವಳು ಎರಡನೆಯ ತಟ್ಟೆಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಶಾಂತಮ್ಮಗ ನಾನೇ ತಿನ್ನಿಸಿದ್ನಲ್ಲವ್ವ. ಮ್ಯಾಲೆ ಒಂದು ಹಿಡಿ ಹೆಚ್ಚಿಗಿ."

"ತೊಳೀಬೇಕು ಅಂತ ಬುದ್ಧಿ ಇದ್ದದ್ದಕ್ಕೇ ತೊಳದಿ ದ್ಯಾಮವ್ವ. ನೀರು ಕೆಟ್ಟದ್ದು ನಿನ್ನ ತಪ್ಪಲ್ಲ. ಮೋರಿ ನಮ್ಮೆಲ್ಲರದು, ಆಸ್ಪತ್ರೀದೂ ಸೇರಿ."

ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಮ್ಮ ಆಸ್ಪತ್ರೆಯ ಬಚ್ಚಲ ನೀರೂ ಅದೇ ಮೋರಿಗೆ ಹೋಗುತ್ತಿತ್ತು. ಅವಳು ಮೂಗು ಒರೆಸಿಕೊಂಡು ಎದ್ದಳು.

ಊರಿಗೆ ಬಂದು ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಾಳಿಯಿಂದ ನಮ್ಮ ಬೋರಿಗೇ ಬಾರವ್ವ. ಉಳಿದ ಸೊಪ್ಪಿನವ್ರನ್ನೂ ಕರಕೊಂಡು ಬಾ. ರೋಗಿಗಳಿಗೆ ನೀರು ತುಂಬಿದ ಮ್ಯಾಲೆ ಪಂಪು ನಿಮ್ಮದು." ಬೋರ್ ತೋಡಿಸಿದ್ದು ಆಸ್ಪತ್ರೆಗೆ ಎಂದು ಕೆಲವರು ಗೊಣಗಿದರು. ಅವರು, "ಸೊಪ್ಪು ತೊಳದ್ರ ಅರ್ಧ ಆಸ್ಪತ್ರಿ ಖಾಲಿ ಆಗ್ತೈತಿ, ಅದಕ್ಕಿಂತ ಏನು ಬೇಕು?" ಎಂದು ಬಾಯಿ ಮುಚ್ಚಿಸಿದರು. ಅಂಗಡಿ ಅಂಗಡಿಗೆ ಹೋಗಿ ಕಟ್ಟೆಯ ಮೇಲೆ ಕೂತು, ಎರಡೆರಡು ಗುಳಿಗೆ ಮಾರಬೇಡಿ ಎಂದು ಹೇಳಿ ಬಂದರು. ಕೆಲವರು ಕೇಳಿದರು, ಕೆಲವರು ಅವರ ಬೆನ್ನು ತಿರುಗಿದ ಮೇಲೆ ಮಾರಿದರು. ಪಂಚಾಯ್ತಿಯವರು ಮೋರಿಯನ್ನು ಮಡುವಿನಿಂದ ಆಚೆ ತಿರುಗಿಸುತ್ತೇವೆಂದು ಒಪ್ಪಿದರು. ಅದಕ್ಕೆ ಇನ್ನೊಂದು ವರ್ಷ ಹಿಡಿಯಿತು, ಆದರೆ ತಿರುಗಿಸಿದರು.

ನಾವು ಬಳ್ಳಾರಿಗೆ ಓಡಾಡುವಷ್ಟರಲ್ಲಿ ನಡುವಿನ ಒಂದು ಸಂತೆ ಕಳೆದುಹೋಗಿತ್ತು. ಅದರ ಮುಂದಿನ ಸಂತೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಐದಾರು ಹೆಂಗಸರು ಸಾಲಾಗಿ ಕೂತು ಸೊಪ್ಪು ತೊಳೆದರು. ಒಬ್ಬಳು ಪಂಪು ಒತ್ತುವುದು, ಉಳಿದವರು ಜಾಡಿಸುವುದು. ಕಾಂಪೌಂಡಿನ ತುಂಬ ಹಸಿರು. ಶಾಂತಾ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಜ್ವರ ಬಿಟ್ಟು ಎರಡು ವಾರವಾಗಿತ್ತು. ಕೂದಲು ಉದುರಿ ನೆತ್ತಿ ಕಾಣುತ್ತಿತ್ತು, ರವಿಕೆ ಹೆಗಲಿನಿಂದ ಜಾರುತ್ತಿತ್ತು.

"ಸಂತೆಗೆ ಹೋಗೋಣ ನಡಿಯೇ" ಎಂದಳು.

"ನಿನಗೆ ಹುಚ್ಚಾ? ನಡಿಯೋಕೆ ಬರಲ್ಲ ನಿಂಗೆ."

"ನಿನ್ನ ಬಾಯಿಂದ ಹೋದ ಮಾತು ನಿನ್ನ ಬಾಯಿಂದಲೇ ವಾಪಸ್ ತರಬೇಕಲ್ಲ. ನಾನು ಸಾಕ್ಷಿಗೆ ಬರ್ತೀನಿ."

ಸಂತೆಯಲ್ಲಿ ದ್ಯಾಮವ್ವ ಪುಟ್ಟಿ ಇಟ್ಟುಕೊಂಡು ಕೂತಿದ್ದಳು. ಜನ ದೂರದಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅವಳ ಪುಟ್ಟಿಯ ಪಕ್ಕ ನಿಂತು, ಗಟ್ಟಿಯಾಗಿ, ನಾನು ತಿಳಿಯದೆ ಮಾತಾಡಿದ್ದೆನೆಂದೂ ತಪ್ಪು ಮಡುವಿನ ನೀರಿನದೆಂದೂ ಹೇಳಿದೆ. ಜನ ಕೇಳಿದರು, ಆದರೆ ಯಾರೂ ಹತ್ತಿರ ಬರಲಿಲ್ಲ. ಆಗ ದ್ಯಾಮವ್ವನೇ ಎದ್ದಳು.

"ಆಕಿ ಓದಿದಾಕಿ, ಆಕಿ ಮಾತು ನಿಮಗ ತಿಳಿಯಂಗಿಲ್ಲ. ನಾ ಹೇಳ್ತೀನಿ ಕೇಳ್ರಿ" ಎಂದು ಶುರುಮಾಡಿದಳು. ರೈಲಿನಿಂದ ಹಿಡಿದು ಮೂರು ತಟ್ಟೆಯವರೆಗೆ, ಮೇಟಿ, ಕಣ, ಕಸ, ಹುಳದ ಸಾಲಿ, ಒಂದನ್ನೂ ಬಿಡಲಿಲ್ಲ. ಕುಂಟೋ ಕುರಿಯ ಸಂಗತಿಯನ್ನೂ ಹೇಳಿದಳು. ಸುತ್ತ ಜನ ಕೂಡಿ ನಗತೊಡಗಿದರು. "ಇದು ಬೋರಿನ ನೀರಾಗ ತೊಳದದ್ದು. ಹಂಗಂತ ಹಂಗೇ ತಿನಬ್ಯಾಡ್ರಿ. ಮನಿಗೆ ಒಯ್ದು ಒಳ್ಳೆ ನೀರಾಗ ಇನ್ನೊಮ್ಮೆ ತೊಳೀರಿ. ಮೈಯಾಗ ಆರಾಮಿಲ್ಲದವ್ರು, ಕೂಸಿನ ತಾಯಂದ್ರು ಬೇಯಿಸಿ ತಿನ್ರಿ."

ಮಾರುವವಳೇ ಹೀಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಶಾಂತಾ ಮುಂದೆ ಹೋಗಿ ಸೆರಗು ಒಡ್ಡಿದಳು. "ಎರಡು ಕಟ್ಟು ಹಾಕು ದ್ಯಾಮವ್ವ. ಸಾರಿಗೆ." ಕೂದಲಿಲ್ಲದ ಆ ತಲೆಯನ್ನು ಊರೆಲ್ಲ ನೋಡಿತು. ದ್ಯಾಮವ್ವ ಎರಡು ಹಾಕಿ ಮೂರನೆಯದಕ್ಕೆ ಕೈ ಹಾಕಿದವಳು ಅಲ್ಲೇ ನಿಲ್ಲಿಸಿದಳು. ಶಾಂತಾ, "ಹಾಕು, ಯಾಕೆ ನಿಂತೆ?" ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದು ನಿಂತಳು. ಅವಳ ಹಿಂದೆ ಮತ್ತೊಬ್ಬಳು. ಮಧ್ಯಾಹ್ನದೊಳಗೆ ಪುಟ್ಟಿ ಬರಿದಾಯಿತು.

ನಾವು ವಾಪಸು ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಒಂದು ಎತ್ತಿನ ಗಾಡಿ ಅಂಗಳಕ್ಕೆ ಬಂತು. ಗಾಡಿಯಲ್ಲಿ ಹೆರಿಗೆ ನೋವಿನ ಹೆಂಗಸು, ಹಲ್ಲು ಕಚ್ಚಿ ಮಲಗಿದ್ದಾಳೆ. ಶಾಂತಾ ಜ್ವರದಲ್ಲಿದ್ದಾಗ ಕೊಟ್ಟೂರಿನಿಂದ ಬದಲಿ ನರ್ಸ್ ಬಂದು ಹೋಗುತ್ತಿದ್ದಳು. ಅವತ್ತು ಅವಳಿರಲಿಲ್ಲ. ಡಾಕ್ಟರು ಶಾಂತಾಳನ್ನು ನೋಡಿ, "ಆಗ್ತೈತೇನಮ್ಮ?" ಎಂದು ಮಾತ್ರ ಕೇಳಿದರು.

"ಸರೋಜಾ ಜೊತೆಗಿದ್ರೆ ಆಗ್ತೈತೆ" ಎಂದಳು.

ಅಂಗಳದ ಪಂಪಿನಿಂದ ನೀರು ತಂದು ಕುದಿಸಿ ಆರಿಸಿದೆ. ಅವಳು ಬಳೆ ತೆಗೆದಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ, ಕಡ್ಡಿಯಂಥ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ನಾನು ಚೊಂಬಿನಿಂದ ನಿಧಾನವಾಗಿ ಹುಯ್ಯುತ್ತಿದ್ದೆ. ಬೆರಳ ಸಂದಿ, ಉಗುರಿನ ಅಡಿ, ಒಂದೊಂದನ್ನೇ ಉಜ್ಜಿದಳು. ಒಳಗೆ ಆ ಹೆಂಗಸು ಅವ್ವಾ ಎಂದು ಕೂಗಿದಳು.

"ಸಾಕೇನೇ?" ಎಂದೆ.

"ಇನ್ನಷ್ಟು ಹುಯ್ಯಿ" ಎಂದಳು ಶಾಂತಾ.

ಹೊತ್ತು ಮುಳುಗುವ ಮುಂಚೆ ಹೆಣ್ಣುಕೂಸು ಹುಟ್ಟಿತು.